ಖಂಡೆ ಪೂಜೆಗೆ ಲಂಗರು ಹಾಕಿದ ಹಡಗುಗಳು

ಕಮಲಾಪುರ
೧೮ ಜೂನ್ ೨೦೦೫

ಯಜಮಾನರಿಗೆ ಚಂದಮ್ಮಳ ಶರಣು.

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ಬಸ್‌ಸ್ಟ್ಯಾಂಡಿನ ಎದುರಿಗಿರುವ ಗುಲ್ಶನ್ ಆಪಾ ಅವರ ಎಸ್‌ಟಿಡಿ ಬೂತಿನಲ್ಲಿ ನಿಂತು ನಿಂತು ನನ್ನ ಕಾಲು ಬಿದ್ದುಹೋದವು. ಯಾವಾಗ ಮಾಡಿದರೂ ಎಂಗೇಜ್. "ಟೀಚರ್, ನಿಮ್ಮ ಮನ್ಯಾಗ ಅಷ್ಟ ಮಾತಾಡೋರ ಯಾರ ಅದಾರ?" ಎಂದು ಆಪಾ ಕೇಳಿದರು. ಮಾತಾಡುವವರು ಯಾರೂ ಇಲ್ಲ, ನಮ್ಮ ಯಜಮಾನರು ಫೋನಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿ ಸಮುದ್ರಕ್ಕೆ ಹೋಗಿದ್ದಾರೆ ಎಂದೆ. ಆಪಾ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೇ ಈ ಕಾಗದ.

ಇದರ ಜೊತೆ ನನ್ನ ವರ್ಗಾವಣೆ ಅರ್ಜಿ ಇದೆ. ಎಲ್ಲ ತುಂಬಿದ್ದೇನೆ, ಹೆಡ್‌ಮಾಸ್ತರರ ಸಹಿಯೂ ಆಗಿದೆ. ನೀವು ಮಾಡಬೇಕಾದದ್ದು ಒಂದೇ ಕೆಲಸ. ನಿಮ್ಮ ಟೈಪಿಂಗ್ ಕ್ಲಾಸಿನಿಂದ ಹತ್ತು ನಿಮಿಷ ನಡೆದರೆ ಶಿಕ್ಷಣ ಇಲಾಖೆಯ ಕಚೇರಿ. ಅಲ್ಲಿ ಕೊಡಬೇಕು, ಮೊಹರು ಹಾಕಿದ ರಸೀದಿ ತಗೊಳ್ಳಬೇಕು. ಜೂನ್ ಮೂವತ್ತರ ಸಂಜೆ ಐದು ಗಂಟೆ ಕೊನೆ. ನಾನೇ ಬರುತ್ತಿದ್ದೆ, ಆದರೆ ಸಾಲಿಗೆ ಮಕ್ಕಳನ್ನು ಸೇರಿಸುವ ತಿಂಗಳು ಇದು, ಭಾನುವಾರ ಬಿಟ್ಟರೆ ಒಂದು ದಿನ ರಜೆ ಇಲ್ಲ. ಭಾನುವಾರ ಬಂದರೆ ಕಚೇರಿಗೆ ಬೀಗ.

ನಾಲ್ಕು ವರ್ಷದಿಂದ ಈ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ರೊಟ್ಟಿ ಬಡಿದು ಒಬ್ಬಳೇ ಉಣ್ಣುತ್ತಿದ್ದೇನೆ. ಈ ಸಲ ಕಲಬುರಗಿಯಲ್ಲಿ ಮೂರು ಜಾಗ ಖಾಲಿ ಇವೆ. ಇದು ತಪ್ಪಿದರೆ ಮತ್ತೊಂದು ವರ್ಷ. ಲಕ್ಷ್ಯ ಇರಲಿ.

ಕಾಗದ, ಅರ್ಜಿ ಎರಡನ್ನೂ ಹುಮನಾಬಾದ ಬಸ್ಸಿನ ಕಂಡಕ್ಟರ್ ಮಾಣಿಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಡಜನ್ ಕೆಂಪು ಬಾಳೆಹಣ್ಣು. ಹಣ್ಣು ಅತ್ತೆಯವರಿಗೆ.

ಚಂದಮ್ಮ


ಗಾಜಿಪುರ, ಕಲಬುರಗಿ
೨೪ ಜೂನ್ ೨೦೦೫

ಸೌಭಾಗ್ಯವತಿ ಚಂದಮ್ಮಳಿಗೆ ನೀಲಕಂಠನ ಆಶೀರ್ವಾದ.

ಅರ್ಜಿ ಮುಟ್ಟಿದೆ. ಕಳೆಯಬಾರದೆಂದು ಕೀಬೋರ್ಡಿನ ಕೆಳಗೆ ಭದ್ರವಾಗಿ ಇಟ್ಟಿದ್ದೇನೆ. ಕಣ್ಣ ಮುಂದೆಯೇ ಇರುತ್ತದೆ. ಚಿಂತೆ ಬೇಡ.

ಇಂಟರ್‌ನೆಟ್ಟಿನ ಈ ಹಡಗಿನ ಯುದ್ಧವನ್ನು ನೀನು ಸುಮ್ಮನೆ ಆಟ ಎನ್ನುತ್ತೀ. ತಿಳಿದವರು ಹಾಗೆ ಅನ್ನುವುದಿಲ್ಲ. ಇಲ್ಲಿ ಮೂರು ಪಕ್ಷಗಳಿವೆ. ಕೋಟೆಯವರು, ಕುದುರೆಯವರು, ದ್ವೀಪದವರು. ಮೊದಲ ದಿನವೇ ಒಂದನ್ನು ಆರಿಸಬೇಕು, ಆಮೇಲೆ ಬದಲಾಯಿಸಲು ಬರುವುದಿಲ್ಲ, ಮದುವೆಯ ಹಾಗೆ. ಕೋಟೆಯವರು ಹೆದರುಪುಕ್ಕರು, ಧಾನ್ಯ ಕೂಡಿಹಾಕಿಕೊಂಡು ಗೋಡೆಯ ಹಿಂದೆ ಕೂರುವವರು. ಕುದುರೆಯವರು ಹುಂಬರು. ನಾನು ದ್ವೀಪದವರನ್ನು ಆರಿಸಿದೆ. ಯಾಕೆಂದರೆ ನೀರನ್ನು ಆಳುವವನು ಲೋಕವನ್ನು ಆಳುತ್ತಾನೆ. ಈಗ ನನ್ನ ಬಂದರಿನಲ್ಲಿ ನೂರಾ ನಲವತ್ತು ಹಡಗುಗಳಿವೆ. ಪೋಲೆಂಡಿನ ಒಬ್ಬ, ಬ್ರೆಜಿಲ್ ದೇಶದ ಒಬ್ಬ ನನ್ನ ಸಲಹೆ ಕೇಳದೆ ಒಂದು ದೋಣಿ ಬಿಡುವುದಿಲ್ಲ. ಗಾಜಿಪುರದಲ್ಲಿ ನನ್ನನ್ನು ಯಾರು ಏನು ಕೇಳುತ್ತಾರೆ ಹೇಳು. ಟೈಪಿಂಗ್ ಕಲಿಯುವವರು ಯಾರೂ ಉಳಿದಿಲ್ಲ.

ಬಾಳೆಹಣ್ಣು ಚೆನ್ನಾಗಿದ್ದವು. ಅವ್ವ ಎರಡು ತಿಂದಳು, ಉಳಿದದ್ದು ನಾನು.

ನೀಲಕಂಠ


ಕಮಲಾಪುರ
೪ ಜುಲೈ ೨೦೦೫

ಸಪ್ತಸಮುದ್ರಾಧಿಪತಿ ನೀಲಕಂಠ ಅವರ ಸನ್ನಿಧಿಗೆ.

ನಿನ್ನೆ ಭಾನುವಾರ ಗಾಜಿಪುರಕ್ಕೆ ಬಂದು ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಎಲ್ಲ ಮಾತೂ ಬಂದವು. ಈಗ ಬರೆಯುತ್ತೇನೆ, ಓದಿರಿ.

ಓಣಿಯ ತುದಿಯಲ್ಲಿ ಅತ್ತೆಯವರು ಸಿಕ್ಕರು. ಎಪ್ಪತ್ತು ವರ್ಷದ ಮುದುಕಿ, ಸೊಂಟದ ಮೇಲೆ ಕೊಡ. ಯಾಕ್ರಿ ಅತ್ತಿ, ನೀವ್ಯಾಕ ಎಂದೆ. "ನಿನ್ನ ಗಂಡ ಹಡಗ ನಡಸ್ಲಾಕತ್ಯಾನವಾ, ನಾ ಕೊಡ ಹೊರ್ಲಾಕತ್ತೀನಿ" ಎಂದರು. ಮೂರು ದಿನಕ್ಕೊಮ್ಮೆ ನಲ್ಲಿಗೆ ನೀರು ಬರುವ ಓಣಿಯಲ್ಲಿ ಕೂತು ನೂರಾ ನಲವತ್ತು ಹಡಗು! ಕೂಡಲಸಂಗಮದಲ್ಲಿ ತೆಪ್ಪ ಹತ್ತಿ ಅಂಬಿಗನ ಸೊಂಟ ತಬ್ಬಿಕೊಂಡು ಶಿವಶಿವಾ ಎಂದು ಕಣ್ಣು ಮುಚ್ಚಿದ್ದವರು ಯಾರು, ನೆನಪಿದೆಯೇ? ನನಗಿದೆ. ನಿಮ್ಮ ವಾಂತಿ ಬಿದ್ದದ್ದು ನನ್ನ ಇಳಕಲ್ ಸೀರೆಯ ಮೇಲೆ.

ಊಟಕ್ಕೆ ಕರೆದೆ. ತಿರುಗಿ ನೋಡಲಿಲ್ಲ. "ಐದು ನಿಮಿಷ ನಿಲ್ಲು" ಎಂದಿರಿ. ತಾಟು ತಂದು ನಿಮ್ಮ ಪಕ್ಕದಲ್ಲೇ ಇಟ್ಟೆ. ರೊಟ್ಟಿ ಹಪ್ಪಳವಾಯಿತು. ಆ ತಾಟು ಎತ್ತುವಾಗ ಕೀಬೋರ್ಡ್ ಸರಿಸಿದೆ. ಕೆಳಗೆ ನನ್ನ ಅರ್ಜಿ. ಚಹಾದ ಕಲೆ, ಮಡಿಕೆ ಕೂಡ ಬಿಚ್ಚಿಲ್ಲ. ನಿನ್ನೆ ತಾರೀಖು ಮೂರು ಜುಲೈ.

ಆಗ ನೀವು ಹೇಳಿದ್ದೇನು? "ಮೂವತ್ತಕ್ಕ ನಾಕ್ ಗಂಟಿಗೆ ಕುದುರ‍್ಯಾವ್ರು ಬಂದರಕ್ಕ ಮುತ್ತಿಗಿ ಹಾಕಿದ್ರು, ಎದ್ದಿದ್ರ ಎಲ್ಲಾ ಮುಳುಗ್ತಿತ್ತು."

ನಿಮ್ಮದು ಮುಳುಗಲಿಲ್ಲ, ಸಂತೋಷ. ನನ್ನದು ಮುಳುಗಿತು. ಪೂರಾ ಒಂದು ವರ್ಷ. ಕೊಟ್ಟು ರಸೀದಿ ತರಲು ಬೇಕಾಗಿದ್ದದ್ದು ಅರ್ಧ ತಾಸು. ಇಡೀ ಲೋಕವನ್ನು ಆಳುವವರಿಗೆ ಕುರ್ಚಿಯಿಂದ ಏಳಲು ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಇನ್ನು ನಾನು ಭಾನುವಾರ ಬರುವುದಿಲ್ಲ. ಕುರ್ಚಿಯಿಂದ ಏಳಲು ಬರುವ ಗಂಡ ಆ ಮನೆಯಲ್ಲಿ ಇದ್ದಾನೆ ಎಂದು ನನಗೆ ಖಾತ್ರಿಯಾದ ದಿನ ಬರುತ್ತೇನೆ. ಇಲ್ಲವಾದರೆ ಈ ಖೋಲಿಯೇ ನನಗೆ ಸಾಕು.

ಚಂದಮ್ಮ


ಗಾಜಿಪುರ
೨೧ ಜುಲೈ ೨೦೦೫

ಸೌಭಾಗ್ಯವತಿ ಚಂದಮ್ಮಳಿಗೆ.

ತಪ್ಪಾಯಿತು. ಎಷ್ಟು ಸಲ ಬರೆಯಲಿ? ಮೂರು ಕಾಗದ ಹರಿದು ಇದು ನಾಲ್ಕನೆಯದು.

ಆದರೆ ನೀನೂ ಸ್ವಲ್ಪ ವಿಚಾರ ಮಾಡು. ನಾನು ಎದ್ದಿದ್ದರೆ ಹದಿನೆಂಟು ಮಂದಿ ನನ್ನನ್ನು ನಂಬಿದವರು ಮುಳುಗುತ್ತಿದ್ದರು. ಅವರು ನನ್ನನ್ನು ಈಗ ಇಡೀ ಪಕ್ಷದ ನೌಕಾಧಿಪತಿ ಮಾಡಿದ್ದಾರೆ. ಹೊಸದಾಗಿ ಕಟ್ಟಿದ ಎಲ್ಲಕ್ಕಿಂತ ದೊಡ್ಡ ಹಡಗಿಗೆ, ಅರವತ್ತು ತೋಪುಗಳ ಹಡಗಿಗೆ, ನಾನು ಇಟ್ಟ ಹೆಸರು "ಚಂದಮ್ಮ". ಪೋಲೆಂಡಿನವನು ಅರ್ಥ ಕೇಳಿದ. ನನ್ನ ಹೆಂಡತಿ ಎಂದೆ. ತುಂಬಾ ಗೌರವ ಕೊಟ್ಟ.

ಮೊನ್ನೆಯ ನೀರು ನಾನೇ ಹಿಡಿದೆ. ಅವ್ವನನ್ನು ಕೇಳು ಬೇಕಾದರೆ. ಭಾನುವಾರ ಬಾ.

ನೀಲಕಂಠ


ಕಮಲಾಪುರ
೨೨ ಆಗಸ್ಟ್ ೨೦೦೫

ನೌಕಾಧಿಪತಿಗಳಿಗೆ.

ನನ್ನ ಹೆಸರಿನ ಹಡಗು ಕಟ್ಟಿಸಿದ್ದೀರಂತೆ. ಧನ್ಯಳಾದೆ. ರಕ್ತಮಾಂಸದ ಹೆಂಡತಿಗಾಗಿ ಒಂದು ಬಸ್ಸಿನ ದಾರಿ ಬರಲಾಗದವರು ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಬ್ಬ ಚಂದಮ್ಮನನ್ನು ಮಾಡಿಟ್ಟುಕೊಂಡಿದ್ದೀರಿ. ಆಕೆ ರೊಟ್ಟಿಗೆ ಕರೆಯುವುದಿಲ್ಲ, ಅರ್ಜಿ ಕಳಿಸುವುದಿಲ್ಲ. ಒಳ್ಳೆಯ ಹೆಂಡತಿ.

ಗುಲ್ಶನ್ ಆಪಾ ತಮ್ಮ ಬೂತಿನಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದಾರೆ. ನನ್ನ ಸವತಿ ಹೇಗಿದ್ದಾಳೆ ನೋಡೋಣವೆಂದು ಸಂಜೆ ಹೋಗಿ ನಿಮ್ಮ ಸಮುದ್ರ ತೆರೆಸಿದೆ. ನೋಡಿದೆ. ಏನೋ ದೊಡ್ಡದು ಇರಬೇಕೆಂದುಕೊಂಡಿದ್ದೆ. ಅಯ್ಯ, ಇಷ್ಟೇನಾ?

ಹೇಳುತ್ತೇನೆ ಕೇಳಿರಿ. ನಿಮ್ಮ ದ್ವೀಪದಲ್ಲಿ ಮರವೆಲ್ಲ ಕಡಿದಾಗಿದೆ. ಒಂದು ಹಡಗು ಒಡೆದರೆ ಕಟ್ಟಲು ಹಲಗೆ ಎಲ್ಲಿಂದ ತರುತ್ತೀರಿ? ಉಗ್ರಾಣದಲ್ಲಿ ಕಾಳು ನಾಲ್ಕು ದಿನಕ್ಕೆ ಮಾತ್ರ. ಇನ್ನೂರು ಹಡಗಿನವರು ಐದನೆಯ ದಿನ ಏನು ತಿನ್ನುತ್ತಾರೆ, ನಿಮ್ಮ ಪದವಿಯನ್ನೇ? ಬಂದರಿಗೆ ಇರುವುದು ಒಂದೇ ಬಾಯಿ, ಅಲ್ಲಿ ಕಾವಲಿಗೆ ಒಂದು ದೋಣಿ ಇಲ್ಲ. ಎಲ್ಲ ಹಡಗನ್ನೂ ಸಾಲಾಗಿ ನಿಲ್ಲಿಸಿ ಎಣಿಸಿ ಖುಷಿಪಡುವುದಕ್ಕೆ ನೌಕಾಪಡೆ ಅನ್ನುವುದಿಲ್ಲ, ಬೊಂಬೆ ಕೂರಿಸುವುದು ಅನ್ನುತ್ತಾರೆ.

ನೂರಾ ಎಂಬತ್ತು ಮಕ್ಕಳ ಬಿಸಿಯೂಟ ನೋಡಿಕೊಳ್ಳುವವಳು ನಾನು. ಸೋಮವಾರದ ಅಕ್ಕಿ ಶುಕ್ರವಾರವೇ ಅಳೆದಿಟ್ಟಿರುತ್ತೇನೆ. ನಿಮ್ಮ ಹದಿನೆಂಟು ದೇಶದ ಹದಿನೆಂಟು ಶಾಣ್ಯಾರಿಗೆ ಇಷ್ಟು ತಿಳಿಯಲಿಲ್ಲವೇ?

ಭಾನುವಾರ ಬರುವುದಿಲ್ಲ.

ಚಂದಮ್ಮ


ಗಾಜಿಪುರ
೫ ಅಕ್ಟೋಬರ್ ೨೦೦೫

ಸೌಭಾಗ್ಯವತಿ ಚಂದಮ್ಮಳಿಗೆ.

ಒಂದೂವರೆ ತಿಂಗಳು ನಾನು ಬರೆಯಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂದಿತ್ತು. ಹೆಂಗಸರು ಬಿಸಿಯೂಟ ಬೇಯಿಸಿದ ಹಾಗೆ ಅಲ್ಲ ಯುದ್ಧ. ಕಾವಲು ದೋಣಿ, ಕಾಳು ಕಡಿ ಇವೆಲ್ಲ ಕೋಟೆಯವರ ಬುದ್ಧಿ. ಈಗ ನನ್ನ ಹಡಗುಗಳ ಲೆಕ್ಕ ಇನ್ನೂರಾ ಹನ್ನೆರಡು. ಎದುರಿಗೆ ನಿಲ್ಲುವವನು ಹುಟ್ಟಿಲ್ಲ.

ಈ ಸಲ ನವಮಿಯ ದಿನ ಖಂಡೆ ಪೂಜೆ ಜೋರಾಗಿ ಮಾಡುವವನಿದ್ದೇನೆ. ನಮ್ಮಪ್ಪ ಆ ದಿನ ಕತ್ತರಿ, ಸೂಜಿ ಸಹ ಮುಟ್ಟುತ್ತಿರಲಿಲ್ಲ, ನಿನಗೆ ಗೊತ್ತು. ನಾನೂ ಟೈಪ್ ಮಿಷನ್ನುಗಳಿಗೆ ಎಣ್ಣೆ ಹಾಕಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮರುದಿನ ಬೆಳಗಿನವರೆಗೆ ಚಾಲೂ ಮಾಡುವುದಿಲ್ಲ. ಹಡಗುಗಳೂ ಆಯುಧವೇ ಅಲ್ಲವೇ? ಅದಕ್ಕೆ ಹಿಂದಿನ ದಿನವೇ ಇನ್ನೂರಾ ಹನ್ನೆರಡನ್ನೂ ಬಂದರಿಗೆ ಕರೆಸಿ, ಲಂಗರು ಹಾಕಿ, ತೋಪುಗಳ ಬಾಯಿ ಮುಚ್ಚಿಸುತ್ತೇನೆ. ಬ್ರೆಜಿಲ್‌ನವನು ಹುಚ್ಚೇ ಎಂದ. ಅವನಿಗೇನು ಗೊತ್ತು ನಮ್ಮ ಪದ್ಧತಿ.

ಸಾಲಿಗೆ ರಜೆ ಇದೆ. ದಶಮಿಗಾದರೂ ಬಾ. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ. ಮನೆ ಬಣಗುಡುತ್ತಿದೆ, ಖರೆ ಹೇಳುತ್ತೇನೆ.

ನೀಲಕಂಠ


ಗಾಜಿಪುರ
೧೨ ಅಕ್ಟೋಬರ್ ೨೦೦೫, ದಶಮಿ

ಚಂದಮ್ಮ,

ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ಶರಣಬಸವೇಶ್ವರರ ಗುಡಿಗೆ ಹೋಗಿ ಬಂದು, ಮಂಗಳಾರತಿ ಮಾಡಿ ಕಂಪ್ಯೂಟರ್ ಚಾಲೂ ಮಾಡಿದೆ. ಬಂದರಿನಲ್ಲಿ ಏನೂ ಇಲ್ಲ. ಇನ್ನೂರಾ ಹನ್ನೆರಡು ಹಡಗುಗಳಲ್ಲಿ ಒಂದೂ ಇಲ್ಲ. ಖಂಡೆ ಪೂಜೆಯ ದಿನ ಮಧ್ಯಾಹ್ನ ಮೂರಕ್ಕೆ ನಲವತ್ತು ಬೆಂಕಿ ದೋಣಿಗಳು ಒಳಗೆ ಬಂದಿವೆ. ಎಲ್ಲಕ್ಕಿಂತ ಮೊದಲು ಮುಳುಗಿದ್ದು "ಚಂದಮ್ಮ". ಬಿಟ್ಟವರು ಯಾರೆಂದು ಪಟ್ಟಿಯಲ್ಲಿ ನೋಡಿದೆ. ಕೋಟೆಯ ಪಕ್ಷ. ಹೆಸರು: ಚಂದಮ್ಮ ಟೀಚರ್, ಕಮಲಾಪುರ.

ಆ ಹೆಸರನ್ನು ಮೂರು ಸಲ ಓದಿದೆ.

ಪೂಜೆಗೆ ಇಟ್ಟ ಆಯುಧದ ಮೇಲೆ ಕೈ ಮಾಡಿದೆಯಲ್ಲ! ಕುದುರೆಯವರು ಕೂಡ, ದೇವರು ದಿಂಡರು ಗೊತ್ತಿಲ್ಲದವರು ಕೂಡ, ಇಂಥದ್ದು ಮಾಡುತ್ತಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ನಾನು ಆ ದಿನ ಕುರ್ಚಿಯಲ್ಲಿ ಕೂರುವುದಿಲ್ಲ, ಮುಟ್ಟುವುದಿಲ್ಲ, ನೋಡುವುದೂ ಇಲ್ಲ ಎಂದು ನಮ್ಮ ಪಕ್ಷದ ಹೊರಗೆ ಗೊತ್ತಿದ್ದದ್ದು ನಿನಗೊಬ್ಬಳಿಗೆ. ಗಂಡ ಹೆಂಡತಿಗೆ ಬರೆದ ಕಾಗದ ಅದು. ಅದನ್ನೇ ಹಿಡಿದು ಹೊಡೆದೆ. ಥೂ! ನೀನು ಮಕ್ಕಳಿಗೆ ಏನು ಕಲಿಸುತ್ತೀ?

ಸಂಜೆಯವರೆಗೆ ಬನ್ನಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವ್ವ ಹೇಳಿದಳು, "ಬರಂಗಿಲ್ಲೋ, ಒಳಗ ಬಾ." ಬಂದೆ.

ನೀಲಕಂಠ


ಕಮಲಾಪುರ
೧೪ ಅಕ್ಟೋಬರ್ ೨೦೦೫

ಯಜಮಾನರಿಗೆ ಶರಣು.

ಹೌದು, ನಾನೇ.

ಆಗಸ್ಟಿನಲ್ಲಿ ಬರೀ ನೋಡಲೆಂದು ಹೋಗಿದ್ದೆ. ಒಳಗೆ ಹೋಗಲು ಯಾವುದಾದರೂ ಪಕ್ಷ ಆರಿಸಲೇಬೇಕು ಎಂದಿತು. ಎಲ್ಲರೂ ನಗುವ ಕೋಟೆಯವರನ್ನು ಆರಿಸಿದೆ. ಅವರ ದೋಣಿ ಎಮ್ಮೆಯ ಹಾಗೆ ನಿಧಾನ, ಖರೆ. ಆದರೆ ಅವರ ಉಗ್ರಾಣ ದೊಡ್ಡದು. ಮೊದಲು ಕಾಳು, ಆಮೇಲೆ ಕಾಡು, ಆಮೇಲೆ ಕಾವಲು, ಎಲ್ಲಕ್ಕೂ ಕೊನೆಗೆ ದೋಣಿ. ನಲವತ್ತೇ ದೋಣಿ, ಆದರೆ ಒಂದೊಂದೂ ಹತ್ತು ದಿನ ನೀರಿನ ಮೇಲೆ ನಿಲ್ಲಬಲ್ಲದು. ಹೆಸರು ಮುಚ್ಚಿಡಲಿಲ್ಲ. ಎರಡು ತಿಂಗಳು ನಿಮ್ಮ ಪಕ್ಕದ ದ್ವೀಪದಲ್ಲೇ ಇದ್ದೆ. ನೀವು ಅಲ್ಲಿಯೂ ನನ್ನನ್ನು ನೋಡಲಿಲ್ಲ.

ಈಗ ಒಂದು ಮಾತು. ಜೂನ್ ಮೂವತ್ತಕ್ಕೆ ಕುರ್ಚಿಯಿಂದ ಎದ್ದರೆ ಎಲ್ಲ ಮುಳುಗುತ್ತದೆ ಎಂದಿರಿ. ನಾನು ನಂಬಿದ್ದೆ. ಸಿಟ್ಟಿನಲ್ಲಿಯೂ ನಂಬಿದ್ದೆ. ಈ ಮನುಷ್ಯನಿಗೆ ಏಳಲು ಬರುವುದಿಲ್ಲ, ರೋಗ ಅದು, ಏನು ಮಾಡುವುದು ಎಂದುಕೊಂಡಿದ್ದೆ. ಆಮೇಲೆ ನಿಮ್ಮ ಕಾಗದ ಬಂತು. ಖಂಡೆ ಪೂಜೆಗೆ ಇಡೀ ದಿನ ಏಳುತ್ತೇನೆ, ಮುಟ್ಟುವುದಿಲ್ಲ ಎಂದು. ಮುಳುಗಿದರೂ ಚಿಂತೆಯಿಲ್ಲ ಎಂದು ಎದ್ದಿರಿ. ಅಂದರೆ ಏಳಲು ಬರುತ್ತದೆ! ಟೈಪ್ ಮಿಷನ್ನಿಗೆ ಏಳುತ್ತೀರಿ, ಕತ್ತರಿಗೆ, ಸೂಜಿಗೆ ಏಳುತ್ತೀರಿ. ನನ್ನ ಅರ್ಜಿಗೆ ಏಳಲಿಲ್ಲ. ಅದು ತಿಳಿದ ದಿನ ನನಗೆ ಅಳು ಬಂತು. ಆ ಅಳುವಿನಲ್ಲಿಯೇ ದೋಣಿ ಬಿಟ್ಟೆ.

ಆದರೆ ನನ್ನದೂ ತಪ್ಪು. ಆ ದಿನ ನಾನೂ ಸುಣ್ಣದ ಕಡ್ಡಿ, ಹೊಲಿಗೆ ಸೂಜಿ, ಈಳಿಗೆ ಮಣೆ ಎಲ್ಲ ಬಾಳೆ ಎಲೆಯ ಮೇಲೆ ಇಟ್ಟು ಪೂಜೆ ಮಾಡಿದ್ದೆ. ಕುಂಕುಮದ ಬೆರಳಿನಿಂದಲೇ ಆಪಾ ಅವರ ಬೂತಿಗೆ ಹೋದೆ. "ಯಾ ಅಲ್ಲಾ, ಟೀಚರ್, ಪೂರಾ ಜಹಾಜ್ ಡುಬಾಯ್ದ್ರಲ್ಲ ನೀವು!" ಎಂದು ಆಪಾ ಚಪ್ಪಾಳೆ ಹೊಡೆದರು. ಖೋಲಿಗೆ ಬಂದು ಆ ರಾತ್ರಿ ಉಣ್ಣಲಿಲ್ಲ ನಾನು. ಪೂಜೆಗೆ ಇಟ್ಟದ್ದರ ಮೇಲೆ ಕೈ ಮಾಡಬಾರದಿತ್ತು.

ಅದು ಮುಗಿಯಿತು. ಇನ್ನು ಆ ಹಾಳು ಆಟದ ಕಡೆ ತಲೆ ಹಾಕುವುದಿಲ್ಲ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ನಿಮ್ಮಂಥವರಿಗೆ ಇರಲಿ. ನನಗೆ ಸಾಲಿ ಇದೆ, ಮಕ್ಕಳಿದ್ದಾರೆ.

ಬನ್ನಿಯನ್ನು ಸೀಗಿ ಹುಣ್ಣಿಮೆಯವರೆಗೂ ಕೊಡಬಹುದು ಎಂದು ನಮ್ಮವ್ವ ಹೇಳುತ್ತಿದ್ದಳು. ಹುಣ್ಣಿಮೆ ಸೋಮವಾರ. ಮಾಣಿಕಪ್ಪನ ಕೈಯಲ್ಲಿ ಕಳಿಸಿದರೆ ತಗೊಳ್ಳುವುದಿಲ್ಲ.

ಚಂದಮ್ಮ


ಗುಲ್ಶನ್ ಆಪಾ ಅವರ ಬೂತಿನ ಹೊರಗಿನ ಬೆಂಚು, ಕಮಲಾಪುರ
೧೭ ಅಕ್ಟೋಬರ್ ೨೦೦೫, ಸೀಗಿ ಹುಣ್ಣಿಮೆ

ಚಂದಮ್ಮ ಟೀಚರ್ ಅವರ ಸನ್ನಿಧಿಗೆ.

ಮಾಣಿಕಪ್ಪ ನಿನ್ನ ಕಾಗದ ತಂದುಕೊಟ್ಟ ಶುಕ್ರವಾರವೇ ಫೋನಿನ ವೈರು ಕಂಪ್ಯೂಟರಿನಿಂದ ಕಿತ್ತೆ. ಇನ್ನು ನೀನು ಮಾಡಿದರೆ ರಿಂಗ್ ಆಗುತ್ತದೆ. ಬರುತ್ತೇನೆ ಎಂದು ಹೇಳಲು ನಾನೇ ಶನಿವಾರ ಮೂರು ಸಲ, ನಿನ್ನೆ ಐದು ಸಲ ಆಪಾ ಅವರ ಬೂತಿಗೆ ಮಾಡಿದೆ. ಎಂಗೇಜ್. ಅಷ್ಟು ಮಾತಾಡುವವರು ಯಾರು ಎಂದು ಅವ್ವ ಕೇಳಿದಳು.

ಒಂಬತ್ತರ ಬಸ್ಸಿಗೆ ಬಂದೆ. ನಿನ್ನ ಖೋಲಿಗೆ ಬೀಗ. ಸಾಲಿಗೆ ಹೋದೆ, ರಜೆ. ಇಲ್ಲಿ ಬಂದು ಕೇಳಿದರೆ ಆಪಾ ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಅಂದರ್ ಕುಂತಾರ ರೀ ಟೀಚರು. ಮುಂಜಾನಿಂದ ಜಂಗ್ ಚಾಲೂ ಅದ. ಚಾ ಸೈತ ಕುಡದಿಲ್ಲ."

ಪರದೆ ಸರಿಸಿ ನೋಡಿದೆ. ಅರವತ್ತು ದೋಣಿ ಕಟ್ಟಿದ್ದೀ ಈಗ. ಚಂದೂ ಎಂದು ಕರೆದೆ. ಮದುವೆಯ ಹೊಸತಿನಲ್ಲಿ ಕರೆಯುತ್ತಿದ್ದ ಹೆಸರು, ಇಪ್ಪತ್ತು ವರ್ಷದ ಮೇಲೆ ಬಾಯಿಗೆ ಬಂತು. ಕರೆದವರು ಯಾರು ಎಂದು ಸಹ ನೀನು ತಿರುಗಿ ನೋಡಲಿಲ್ಲ. "ಐದ್ ನಿಮಿಷ ನಿಲ್ರಿ, ಬಂದರಕ್ಕ ಮುತ್ತಿಗಿ ಹಾಕ್ಯಾರ" ಎಂದೆ.

ನಿಂತೆ. ಐದು ನಿಮಿಷ ಎಷ್ಟು ಉದ್ದ ಇರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಒಂದು ತಾಸು ಇರುತ್ತದೆ. ಕಾಲು ನೋಯುತ್ತವೆ. ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ನಿನ್ನ ಒಣಗಿದ ರೊಟ್ಟಿ ನೆನಪಾಯಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದೇನೆ.

ಇದರ ಜೊತೆ ಬನ್ನಿ ಇದೆ. ಮುಂದಿನ ಜೂನಿನ ಅರ್ಜಿಯೂ ಇದೆ, ಹಳೆಯ ಮಿಷನ್ನಿನ ಮೇಲೆ ನಾನೇ ಟೈಪ್ ಮಾಡಿದ್ದು. ನಿನ್ನ ಸಹಿ ಬೇಕು. ಸಹಿ ಮಾಡಿ ಹೊರಗೆ ತಂದುಕೊಡಲು ನೀನು ಕುರ್ಚಿಯಿಂದ ಏಳಬೇಕಾಗುತ್ತದೆ. ನಿನಗೆ ಏಳಲು ಬರುತ್ತದೋ ಇಲ್ಲವೋ, ನೋಡಿಕೊಂಡೇ ನಾನು ಬಸ್ಸು ಹತ್ತುತ್ತೇನೆ.

ಎಲ್ಲವನ್ನೂ ಗುಲ್ಶನ್ ಆಪಾ ಅವರ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಅವರಿಗೆ ಎರಡು ಸಲ ಹೇಳಿದ್ದೇನೆ: ಕೀಬೋರ್ಡಿನ ಮ್ಯಾಲ ಇಡ್ರಿ ಆಪಾ, ಕೆಳಗ ಬ್ಯಾಡ.

ನೀಲಕಂಠ